ದೂರದ ನಾಲೆ ನುಣ್ಣಗೆ: ತುಮಕೂರು ಸೀಮೆಯ ಪ್ರೋಗ್ರಾಮರ್ ಅಭಿಪ್ರಾಯಗಳ ಶಾಸ್ತ್ರೀಯ ಅಧ್ಯಯನ

1. ಪ್ರಸ್ತಾವನೆ

ಗೀಗೀ ಪದ, ಸೋಬಾನೆ, ಒಗಟು, ಗಾದೆ, ಬೈಗುಳ ಎಲ್ಲವನ್ನೂ ಜಾನಪದ ವಿದ್ವಾಂಸರು ಸಂಗ್ರಹಿಸಿ, ವರ್ಗೀಕರಿಸಿ, ಡಾಕ್ಟರೇಟ್ ಪಡೆದು ನಿವೃತ್ತರೂ ಆಗಿದ್ದಾರೆ. ಯಾರೂ ಕೈಹಾಕದೆ ಉಳಿದಿರುವ ಮೌಖಿಕ ಪ್ರಕಾರ ಒಂದೇ: ಪ್ರೋಗ್ರಾಮರ್‌ನ ಅಭಿಪ್ರಾಯ. ಇದರಲ್ಲಿ ಒಗಟಿನಂತೆ ಬಿಡಿಸಲಾಗದ ಭಾಗವಿದೆ (ಸಂಕ್ಷೇಪಾಕ್ಷರಗಳು), ಹರಿಕಥೆಯಂತೆ ಉಪಕಥೆಯಿದೆ (ಹಳೆಯ ಮ್ಯಾನೇಜರ್). ಮಂಗಳ ಹಾಡುವ ಪದ್ಧತಿ ಮಾತ್ರ ಇಲ್ಲ. ಈ ಕೊರತೆಯನ್ನು ಗಮನಿಸಿ ಪ್ರಕೃತ ಅಧ್ಯಯನವನ್ನು ಕೈಗೊಳ್ಳಲಾಗಿದೆ.

ತುಮಕೂರು ಇಂಥ ಕ್ಷೇತ್ರಕಾರ್ಯಕ್ಕೆ ಹೇಳಿ ಮಾಡಿಸಿದ ಊರು. ಇಲ್ಲಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ 1963ರಿಂದ ಇಂಜಿನಿಯರುಗಳನ್ನು ತಯಾರಿಸುತ್ತಿದೆ. 70 ಕಿಲೋಮೀಟರ್ ಆಚೆ ಕೂತ ಬೆಂಗಳೂರು ಅವರನ್ನು ಬೆಳಿಗ್ಗೆ ಕರೆಸಿಕೊಂಡು ರಾತ್ರಿ ವಾಪಸ್ ಕಳಿಸುತ್ತದೆ. ನಡುವೆ ರೈಲಿನಲ್ಲಿ ಅವರಿಗೆ ಮಾಡಲು ಬೇರೆ ಕೆಲಸವಿಲ್ಲ. ತಾವು ಓಡಾಡುವ ರೈಲಿಗೆ ಹಾರ ಹಾಕಿ ಹುಟ್ಟುಹಬ್ಬ ಆಚರಿಸುವ ನಿತ್ಯ ಪ್ರಯಾಣಿಕರು ಇರುವ ಊರಿದು. ರೈಲೇ ಅವರ ಜಗಲಿ, ಅಭಿಪ್ರಾಯ ಹುಟ್ಟುವುದೂ ಅಲ್ಲೇ.

2. ಅಧ್ಯಯನ ವಿಧಾನ

ಮೂವರು ವಕ್ತೃಗಳನ್ನು ಆಯ್ದುಕೊಳ್ಳಲಾಯಿತು. ವಕ್ತೃ-1 ತುಮಕೂರು ನಗರದವರು. ವಕ್ತೃ-2 ಗುಬ್ಬಿಯವರು, ಅದೇ ರೈಲುದಾರಿಯಲ್ಲಿ ಇನ್ನೂ ಹಿಂದಿನಿಂದ ಬರುವವರು. ವಕ್ತೃ-3 ಕುಣಿಗಲ್ಲಿನವರು. 2017ರಲ್ಲಿ ಶುರುವಾದ ಬೆಂಗಳೂರು-ಹಾಸನ ಮಾರ್ಗ ಅವರದು. ಒಂದೇ ಜಿಲ್ಲೆಯವರಾದರೂ ಈ ರೈಲಿನಲ್ಲಿ ಸಿಗುವುದಿಲ್ಲವಾದ್ದರಿಂದ ಭಾನುವಾರ ಅವರ ಊರಿಗೇ ಹೋಗಬೇಕಾಯಿತು. ಸಂಶೋಧನಾ ನೀತಿಯಂತೆ ಮೂವರ ಹೆಸರನ್ನೂ ಮರೆಮಾಚಿದೆ. ಬೋಗಿಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.

ಅಭಿಪ್ರಾಯ ಎಷ್ಟು ಖಚಿತ ಎಂಬುದನ್ನು ಅಳೆಯಲು ಒಂದೇ ಪ್ರಶ್ನೆಯನ್ನು ಮಾನವಾಗಿ ಬಳಸಲಾಯಿತು: "ಎಷ್ಟು ದಿನದ ಕೆಲಸ?" ಉತ್ತರದಲ್ಲಿ ದಿನ ಕಡಿಮೆಯಾದಷ್ಟೂ ಖಚಿತತೆ ಹೆಚ್ಚು. ಕ್ಯಾತ್ಸಂದ್ರದಲ್ಲಿ ವಕ್ತೃಗಳಿಗೆ ಕೊಡಿಸಿದ ತಟ್ಟೆ ಇಡ್ಲಿಯ ವೆಚ್ಚವನ್ನು ಅನುದಾನದಿಂದ ಭರಿಸಲು ಕೋರಿದ್ದು, ಕಡತ ಪರಿಶೀಲನೆಯಲ್ಲಿದೆ.

3. ಪೂರ್ವಸೂರಿಗಳು

ಈ ಪರಂಪರೆಯಲ್ಲಿ ಇಬ್ಬರು ಆಚಾರ್ಯರ ಹೆಸರು ಪದೇ ಪದೇ ಕೇಳಿಬರುತ್ತದೆ. ಮೆಲ್ವಿನ್ ಕಾನ್ವೇ 1968ರಲ್ಲಿ ಹೇಳಿದ್ದರ ತಾತ್ಪರ್ಯ: ಒಂದು ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅವರು ಕಟ್ಟುವ ವ್ಯವಸ್ಥೆಯೂ ಹಾಗೇ ಇರುತ್ತದೆ. ವಕ್ತೃ-1 ಇದಕ್ಕೆ ಸ್ಥಳೀಯ ಭಾಷ್ಯ ಒದಗಿಸಿದರು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತಷ್ಟೆ. "ನೀರಿನವರು, ಕರೆಂಟಿನವರು, ಕೇಬಲ್‌ನವರು ಒಬ್ಬರಿಗೊಬ್ಬರು ಮಾತಾಡ್ತಾರಾ ಸಾರ್? ಇಲ್ಲ. ಅದಕ್ಕೇ ಒಂದೇ ರೋಡಲ್ಲಿ ಮೂರು ಗುಂಡಿ." ಭಾಷ್ಯ ಮೂಲಕ್ಕಿಂತ ಸ್ಪಷ್ಟವಾಗಿದೆ.

ಎರಡನೆಯವರು ಫ್ರೆಡ್ ಬ್ರೂಕ್ಸ್. ಐಬಿಎಂನ ದೊಡ್ಡದೊಂದು ಯೋಜನೆಯಲ್ಲಿ ನುರಿತು, ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು 1975ರಲ್ಲಿ ಬರೆದವರು. ಮೂವರು ವಕ್ತೃಗಳೂ ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ. ತಂಡಕ್ಕೆ ಇನ್ನಿಬ್ಬರನ್ನು ಕೊಡಿ ಎಂದು ಮ್ಯಾನೇಜರಿಗೆ ಬರೆದ ಪತ್ರದ ಪ್ರತಿಯೂ ಮೂವರ ಬಳಿ ಇದೆ.

4. ಸೂತ್ರ ಮತ್ತು ಸಾಕ್ಷ್ಯ

ಸೂತ್ರ: ಅಭಿಪ್ರಾಯದ ಖಚಿತತೆಯು ವಸ್ತುವಿಗೂ ವಕ್ತೃವಿಗೂ ನಡುವೆ ಇರುವ ದೂರದೊಂದಿಗೆ ನೇರ ಅನುಪಾತದಲ್ಲಿರುತ್ತದೆ.

ಇದು 'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಎಂಬ ಗಾದೆಯೇ ತಾನೇ ಎಂದು ಮಾರ್ಗದರ್ಶಕರು ಆಕ್ಷೇಪವೆತ್ತಿದ್ದಾರೆ. ಅಲ್ಲ. ಗಾದೆಗೆ ಅಧ್ಯಾಯಗಳಿಲ್ಲ.

ಸಾಕ್ಷ್ಯ ಒಂದು. ವಕ್ತೃ-1 ಬರೆದಿರುವುದು ಒಂದು ಲಾಗಿನ್ ಪುಟ. ಹೆಸರು, ಪಾಸ್‌ವರ್ಡ್, ಒತ್ತಲು ಒಂದು ಗುಂಡಿ. ಅದರಲ್ಲೊಂದು ಸಣ್ಣ ಬದಲಾವಣೆಗೆ ಎಷ್ಟು ದಿನ ಎಂದು ಕೇಳಿದಾಗ ಅವರು ಕಿಟಕಿಯಾಚೆ ನೋಡತೊಡಗಿದರು. ಹಿರೇಹಳ್ಳಿ ದಾಟಿತು. "ಹೇಳೋಕಾಗಲ್ಲ ಸಾರ್, ಇಲ್ಲಿ ಮುಟ್ಟಿದ್ರೆ ಇನ್ನೆಲ್ಲೋ ಒಡೀತದೆ" ಎನ್ನುವಷ್ಟರಲ್ಲಿ ದಾಬಸ್‌ಪೇಟೆ ಬಂತು. ಪಕ್ಕದ ತಂಡದ ಕೆಲಸ? "ಎರಡು ವಾರ. ಸುಮ್ನೆ ಗೋಜಲು ಮಾಡಿಟ್ಟವ್ರೆ." ಗುಬ್ಬಿ ಬಳಿಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು ಎಂದಾಗ ವಕ್ತೃ-1 ನಕ್ಕರು. "ಏಳು ವರ್ಷಾನಾ! ನಮ್ ಕಡೆ ಆಗಿದ್ರೆ ಎರಡು." ಸದರಿ ಲಾಗಿನ್ ಪುಟ ಎಂಟನೇ ವರ್ಷದಲ್ಲಿದೆ.

ಸಾಕ್ಷ್ಯ ಎರಡು. ಸರ್ಕಾರಿ ತಂತ್ರಾಂಶ. ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆಯಲ್ಲಿ ಸುಮಾರು ಎರಡು ಕೋಟಿ ದಾಖಲೆಗಳಿದ್ದವು. "ಡೇಟಾಬೇಸ್ ಡಿಸೈನ್ ಸರಿಯಿಲ್ಲ ಸಾರ್. ನಾವು ನಾಲ್ಕು ಜನ ಕೂತ್ರೆ ಒಂದು ವಾರದ ಕೆಲಸ." ಪ್ರತಿ ಪಹಣಿಯ ಹಿಂದೆ ಒಂದೊಂದು ದಾಯಾದಿ ಜಗಳ ಇರುತ್ತದಲ್ಲ ಎಂದು ವಿಚಾರಿಸಿದಾಗ ಹೊರಬಿದ್ದ ಸಂಗತಿ: ವಕ್ತೃ-1ರ ಮನೆಯ ಪಹಣಿಯಲ್ಲೇ ಕಾಲಂ 9ರಲ್ಲಿ ಇಂದಿಗೂ ತಾತನ ಹೆಸರಿದೆ. ಪೌತಿ ಖಾತೆ ಯಾಕೆ ಮಾಡಿಸಿಲ್ಲ? "ಅದು ಸ್ವಲ್ಪ ಕಾಂಪ್ಲಿಕೇಟೆಡ್ ಸಾರ್. ಚಿಕ್ಕಪ್ಪ ಒಪ್ಪಬೇಕು."

ಸಾಕ್ಷ್ಯ ಮೂರು. ಗೃಹಪ್ರವೇಶದ ಆಹ್ವಾನಪತ್ರಿಕೆ ಮಾಡಿಸಲು ವಕ್ತೃ-1 ಬಿ.ಎಚ್. ರಸ್ತೆಯ ಬದಿಗಲ್ಲಿಯ ಡಿಟಿಪಿ ಅಂಗಡಿಗೆ ಹೋದಾಗ ಸಂಶೋಧಕ ಜೊತೆಗಿದ್ದ. ವಕ್ತೃ ಮೊಬೈಲಿನಲ್ಲಿ ಟೈಪಿಸಿ ತಂದ ಒಕ್ಕಣೆಯನ್ನು ಅಂಗಡಿಯಾತ ಪೇಜ್‌ಮೇಕರ್‌ಗೆ ಹಾಕಿದ. ಪರದೆ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ವಕ್ತೃ ಉಪನ್ಯಾಸ ಆರಂಭಿಸಿದರು. ಯೂನಿಕೋಡ್ ಬಂದದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, ಇಷ್ಟು ವರ್ಷವಾದರೂ ಹಳೇ ಫಾಂಟು ಹಿಡಿದು ಕೂತಿರುವುದು ಇಡೀ ಮುದ್ರಣಲೋಕದ ಸೋಮಾರಿತನ, ಒಂದು ಸ್ಕ್ರಿಪ್ಟ್ ಬರೆದರೆ ಒಂದು ಸಂಜೆಯಲ್ಲಿ ಎಲ್ಲ ಬದಲಾಯಿಸಬಹುದು. ಅಂಗಡಿಯಾತ ಬೇಡವೆನ್ನದೆ ಕೇಳಿಸಿಕೊಳ್ಳುತ್ತಲೇ ಆ ಒಕ್ಕಣೆಯನ್ನು ಪರಿವರ್ತಕಕ್ಕೆ ಹಾಕಿ, ನುಡಿ ಫಾಂಟಿಗೆ ಇಳಿಸಿ, ಒಡೆದುಹೋದ ಎರಡು ಅರ್ಕಾವತ್ತು ಸರಿಪಡಿಸಿ, "ಮುಹೂರ್ತ ಬೆಳಿಗ್ಗೆದಾ ಸಾಯಂಕಾಲದ್ದಾ ಹಾಕಿಲ್ವಲ್ಲ ಸಾರ್" ಎಂದ. ಉಪನ್ಯಾಸ ಇನ್ನೂ 1995ರಲ್ಲಿತ್ತು.

ಸಾಕ್ಷ್ಯ ನಾಲ್ಕು. ಕೃತಕ ಬುದ್ಧಿಮತ್ತೆ. "ಐದು ವರ್ಷ ಬಿಟ್ಟು ನೋಡಿ. ಲಾಯರ್ ಬೇಡ, ಡಾಕ್ಟರ್ ಬೇಡ, ಮೇಷ್ಟ್ರಂತೂ ಬೇಡವೇ ಬೇಡ." ಪ್ರೋಗ್ರಾಮರ್? "ಅದು ಹಂಗಲ್ಲ ಸಾರ್. ನಮ್ದರಲ್ಲಿ ಕಾಂಟೆಕ್ಸ್ಟ್ ಅಂತ ಇರ್ತದೆ."

ಸಾಕ್ಷ್ಯ ಐದು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ, ಪಾಸ್‌ಪೋರ್ಟೇ ಇಲ್ಲದ ವಕ್ತೃ-1 ಇದರಿಂದ ದೇಶಕ್ಕಾಗುವ ಲಾಭವನ್ನು ನಿಡವಂದದಿಂದ ಸೋಲದೇವನಹಳ್ಳಿಯವರೆಗೆ ವಿವರಿಸಿದರು. ಎದುರು ಸೀಟಿನಲ್ಲಿದ್ದ, ಅಣ್ಣ ಟೆಕ್ಸಾಸಿನಲ್ಲಿರುವ ಸಹಪ್ರಯಾಣಿಕರು ಯಶವಂತಪುರದವರೆಗೆ ಬಾಯಿ ತೆರೆಯಲಿಲ್ಲ.

5. ಹೇಮಾವತಿ ಪ್ರಕರಣ

ಸೂತ್ರದ ನಿಜವಾದ ಒರೆಗಲ್ಲು ಇದು. ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟಿನಿಂದ ಹೇಮಾವತಿ ನೀರು ನಾಲೆಯಲ್ಲಿ ತುಮಕೂರು ಜಿಲ್ಲೆಗೆ ಹರಿದುಬರುತ್ತದೆ. ತುಮಕೂರು ನಗರಕ್ಕೆ ಕುಡಿಯುವ ನೀರು ಕೊಡುವ ಬುಗುಡನಹಳ್ಳಿ ಕೆರೆ ತುಂಬುವುದೂ ಇದರಿಂದಲೇ. ನಾಲೆಗೆ ಗುಬ್ಬಿ ಮುಂಚೆ ಸಿಗುತ್ತದೆ, ಕುಣಿಗಲ್ ಕೊನೆಗೆ. ಕೊನೆ ಭಾಗಕ್ಕೆ ನೀರು ತಲುಪುತ್ತಿಲ್ಲ ಎಂಬ ಕಾರಣಕ್ಕೆ, ಗುಬ್ಬಿ ತಾಲೂಕಿನಲ್ಲೇ ನೀರನ್ನು ಕವಲು ತೆಗೆದು ಪೈಪಿನಲ್ಲಿ ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ ಬಂತು. ಅಂದಾಜು ವೆಚ್ಚ ಸುಮಾರು ಸಾವಿರ ಕೋಟಿ ರೂಪಾಯಿ. ನಮ್ಮ ಪಾಲು ಹೋಯಿತೆಂದು 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲೂಕಿನಲ್ಲಿ ನಿಷೇಧಾಜ್ಞೆಯ ನಡುವೆಯೇ ರೈತರು ಬೀದಿಗಿಳಿದು, ತೋಡಿದ್ದನ್ನು ಮುಚ್ಚಲು ಹೊರಟರು. ಸಾಫ್ಟ್‌ವೇರ್ ಶಾಸ್ತ್ರದಲ್ಲಿ ಈ ಕ್ರಿಯೆಗೆ ರೋಲ್‌ಬ್ಯಾಕ್ ಎಂದು ಹೆಸರು. ಕುಣಿಗಲ್ ಕಡೆಯವರದು ಒಂದೇ ಮಾತು: ನಮ್ಮ ಪಾಲು ಬಂದದ್ದೇ ಯಾವಾಗ?

ವಕ್ತೃ-1: "ಸಿಂಪಲ್ ಸಾರ್. ಇದು ಲೋಡ್ ಬ್ಯಾಲೆನ್ಸಿಂಗ್ ಪ್ರಾಬ್ಲಂ. ಪ್ರತಿ ಗೇಟಿಗೂ ಒಂದು ಸೆನ್ಸರ್, ಮೇಲೊಂದು ಡ್ಯಾಶ್‌ಬೋರ್ಡ್. ಒಂದು ವೀಕೆಂಡ್."

ವಕ್ತೃ-2 ಅವರ ತಂದೆಯದು ನಾಲೆಯ ಆಸುಪಾಸಿನ ತೆಂಗಿನ ತೋಟ. ಕೇಳಿದ ಪ್ರಶ್ನೆ ಒಂದು, ಬಂದ ವಿವರ ಒಂದು ಗಂಟೆಯದು. ಗೇಟು ಎತ್ತುವುದು ಯಾವ ತಿಂಗಳು, ರಾತ್ರಿ ನಾಲೆಗೆ ಪಂಪ್ ಇಳಿಬಿಡುವವರು ಯಾರು, ಅವರಿಗೆ ಯಾರ ಬೆಂಬಲ, ನಾಲೆ ಹರಿದ ವರ್ಷ ಸುತ್ತಲ ಬೋರ್‌ವೆಲ್ಲುಗಳಲ್ಲಿ ನೀರು ಹೇಗೆ ಮೇಲೇರುತ್ತದೆ. "ಪೈಪಲ್ಲಿ ಹೋದ್ರೆ ನೀರು ಇಂಗಲ್ಲ ಸಾರ್. ನಾಲೆ ಅಂದ್ರೆ ಬರೀ ಹರಿಯೋ ನೀರಲ್ಲ." ಹಾಗಾದರೆ ಪರಿಹಾರ? ಎಷ್ಟು ದಿನದ ಕೆಲಸ? "ನಮ್ಮಪ್ಪನ್ನ ಕೇಳಿ ಹೇಳ್ತೀನಿ."

ವಕ್ತೃ-3 ಕುಣಿಗಲ್ ಕೆರೆ ಏರಿಯ ಮೇಲೆ ನಿಲ್ಲಿಸಿ ಮಾತಾಡಿಸಿದರು. ನಾಡಿನ ಮಕ್ಕಳೆಲ್ಲ ಶಾಲೆಯಲ್ಲಿ ಕುಣಿದು ಹಾಡಿದ ಜನಪದ ಗೀತೆಯ ಕೆರೆ. "ಹಾಡಲ್ಲಿ ಯಾವಾಗ್ಲೂ ತುಂಬಿರ್ತದೆ ಸಾರ್ ನಮ್ ಕೆರೆ." ಆಮೇಲೆ ಅವರದೂ ವಿವರ: ಕಾಗದದಲ್ಲಿ ಬಿಟ್ಟಿದ್ದೆಷ್ಟು, ಇಲ್ಲಿಗೆ ಬಂದಿದ್ದೆಷ್ಟು, ಬರುವಷ್ಟರಲ್ಲಿ ರಾಗಿ ಯಾವ ಹಂತದಲ್ಲಿತ್ತು. ಎಷ್ಟು ದಿನದ ಕೆಲಸ? "ನಮ್ಮಜ್ಜನ ಕಾಲದಿಂದ ನಡೀತಿರೋ ಕೆಲಸ."

ಸಂಶೋಧಕ ಇಬ್ಬರನ್ನೂ ತುಮಕೂರು ಬಸ್ ನಿಲ್ದಾಣದ ಬಳಿ ಟೀಗೆ ಸೇರಿಸಿದ. ಪ್ರತಿ ಅಂಶದಲ್ಲೂ ಜಗಳವಾಡಿದರು. ಆದರೆ 'ಸಿಂಪಲ್' ಎಂಬ ಪದ ಎರಡೂ ಕಡೆಯಿಂದ ಒಮ್ಮೆಯೂ ಬರಲಿಲ್ಲ. ವಕ್ತೃ-1ರ ಸೆನ್ಸರ್ ಯೋಜನೆಯನ್ನು ಮುಂದಿಟ್ಟಾಗ ಗುಬ್ಬಿ "ಮೂರು ದಿನ" ಎಂದಿತು, ಕುಣಿಗಲ್ "ಎರಡು" ಎಂದಿತು. ಅಷ್ಟರೊಳಗೆ ಯಾರಾದರೂ ಕಿತ್ತುಕೊಂಡು ಹೋಗುತ್ತಾರೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಎರಡು ತಾಲೂಕುಗಳ ನಡುವೆ ಏರ್ಪಟ್ಟ ಏಕೈಕ ಒಮ್ಮತ ಎಂದು ಇದನ್ನು ದಾಖಲಿಸಿದೆ. ವಕ್ತೃ-1ರ ಲೋಕದಲ್ಲಿ ದಾರಿಯಲ್ಲಿ ಬಿದ್ದುಹೋದ ಮಾಹಿತಿಯ ತುಣುಕು ಕ್ಷಣದಲ್ಲಿ ಮತ್ತೆ ಹೊರಡುತ್ತದೆ. ತೆಂಗು ಒಣಗಿದರೆ, ಹೊಸ ಸಸಿ ಫಲ ಕೊಡಲು ವರ್ಷಗಟ್ಟಲೆ ಕಾಯಬೇಕು.

6. ಉಪಸೂತ್ರ ಮತ್ತು ಅಪವಾದ

ಉಪಸೂತ್ರ: ಕಾಲದ ದೂರವೂ ದೂರವೇ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಜೂಜುಕುದುರೆಯ ಮರಿಗೆ ತಂದೆ ಯಾರು, ತಾಯಿ ಯಾರು ಎಂಬುದು ತಲೆಮಾರುಗಟ್ಟಲೆ ದಾಖಲಾಗಿರುತ್ತದೆ. ಕೋಡಿನ ವಂಶಾವಳಿ ಇಡಲು 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಎಂಬ ಸಾಧನ ಮಾಡಿಕೊಟ್ಟರು. ವಕ್ತೃ-3 ಒಂದು ಹಳೆಯ ಕೋಡನ್ನು ಮನಸಾರೆ ಬೈದು ಅದರ ಮೂಲಪುರುಷನನ್ನು ಗಿಟ್‌ನಲ್ಲಿ ಹುಡುಕಿದರು. ಅಲ್ಲಿದ್ದದ್ದು ಅವರದೇ ಹೆಸರು. ಬೈಗುಳ ತಕ್ಷಣ ವಿವರಣೆಯಾಗಿ ಮಾರ್ಪಟ್ಟಿತು: "ಆಗ ಟೈಮೇ ಕೊಟ್ಟಿರಲಿಲ್ಲ ಸಾರ್."

ಅಪವಾದ: ವಕ್ತೃ-2 ತಮ್ಮದೇ ಕೆಲಸದ ಬಗ್ಗೆ ಒಂದು ಖಚಿತ ಅಭಿಪ್ರಾಯ ಇಟ್ಟುಕೊಂಡಿದ್ದಾರೆ. ಪರೀಕ್ಷೆಗೆ ಬಳಸುವ ಮಾಹಿತಿ ನಿಜದ್ದೇ ಆಗಿರಬೇಕು, ನಕಲಿ ಕೂಡದು. ಪ್ರಮಾಣವಾಗಿ ಅವರು ತಮ್ಮೂರನ್ನೇ ಮುಂದಿಡುತ್ತಾರೆ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ' ಆಡಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬಂದವು. "ಪ್ರೊಡಕ್ಷನ್‌ನಲ್ಲಿ ಆನೇನೇ ಬರೋದು ಸಾರ್. ಪ್ರಾಕ್ಟೀಸಲ್ಲಿ ಬೊಂಬೆ ಇಟ್ಟುಕೊಂಡು ಹಲಗೆ ಗಟ್ಟಿಯಿದೆ ಅಂದ್ರೆ ಹೆಂಗೆ?" ಹತ್ತಿರವೂ ಹೌದು, ಖಚಿತವೂ ಹೌದು. ವಿಚಾರಿಸಲಾಗಿ, ಈ ಅಭಿಪ್ರಾಯ ಹುಟ್ಟಿದ್ದು ಒಂದು ಶುಕ್ರವಾರ ಸಂಜೆ ಹಲಗೆ ಮುರಿದ ಮೇಲೆ ಎಂದು ತಿಳಿದುಬಂತು. ಏಟು ತಿಂದು ಗಳಿಸಿದ ಅಭಿಪ್ರಾಯಕ್ಕೆ ಸೂತ್ರ ಅನ್ವಯಿಸುವುದಿಲ್ಲ ಎಂದು ತಿದ್ದುಪಡಿ ಮಾಡಿದೆ.

7. ಉಪಸಂಹಾರ

ಶಿಫಾರಸು ಒಂದೇ: ಲೋಕದ ಯಾವುದೇ ಸಮಸ್ಯೆಗೆ ಪರಿಹಾರ ಹೇಳುವ ಮುನ್ನ ಪ್ರೋಗ್ರಾಮರ್ ತನ್ನ ಮನೆಯ ಪಹಣಿಯ ಕಾಲಂ 9ನ್ನು ಒಮ್ಮೆ ಗಟ್ಟಿಯಾಗಿ ಓದತಕ್ಕದ್ದು.

ಅಧ್ಯಯನದ ಮಿತಿಗಳ ಕುರಿತು: ಪ್ರಸ್ತುತ ಸಂಶೋಧಕನಿಗೆ ಒಂದು ಸಾಲು ಕೋಡ್ ಬರೆಯಲು ಬಾರದು, ಗುಬ್ಬಿಯಲ್ಲಿ ತೋಟವಿಲ್ಲ, ಕುಣಿಗಲ್ಲಿನಲ್ಲಿ ಗದ್ದೆಯಿಲ್ಲ. ಆದ್ದರಿಂದ ಮೇಲಿನ ಸೂತ್ರದಂತೆಯೇ ಈ ಪ್ರಬಂಧದ ನಿರ್ಣಯಗಳು ಅತ್ಯಂತ ಖಚಿತವಾಗಿವೆ. ಮೌಲ್ಯಮಾಪನಕ್ಕೂ ಸಾಫ್ಟ್‌ವೇರ್ ಮತ್ತು ನೀರಾವರಿ ಎರಡರಿಂದಲೂ ದೂರವಿರುವವರನ್ನೇ ನೇಮಿಸಬೇಕೆಂದು ವಿಶ್ವವಿದ್ಯಾಲಯವನ್ನು ಕೋರಲಾಗಿದೆ. ಹಾಗಾದಲ್ಲಿ ಅದು ಅರ್ಧ ದಿನದ ಕೆಲಸ.