ನೀರಿಳಿದ ಮೇಲೆ ಹೊರಡೋಣ

ಪ್ರವಾಸ ಹೊರಡುವವರು ಹವಾಮಾನ ನೋಡುತ್ತಾರೆ, ರಜೆಯ ಪಟ್ಟಿ ನೋಡುತ್ತಾರೆ, ಸ್ವಲ್ಪ ಹಿಂದಿನ ತಲೆಮಾರಿನವರಾದರೆ ರಾಹುಕಾಲ ನೋಡುತ್ತಾರೆ. ನಾವು ಗಂಡ-ಹೆಂಡತಿ ನೋಡುವುದು ಪತ್ರಿಕೆಯ ಮೂಲೆಯಲ್ಲಿ ಬರುವ ಜಲಾಶಯಗಳ ನೀರಿನ ಮಟ್ಟವನ್ನು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಆಲಮಟ್ಟಿಯದು 519.60 ಮೀಟರ್. ನೀರು ಇಲ್ಲಿಂದ ಎಷ್ಟು ಕೆಳಗಿಳಿಯುತ್ತದೆ ಎಂಬುದರ ಮೇಲೆ ನಮ್ಮ ರಜೆ ನಿಂತಿದೆ. ಯಾಕೆಂದರೆ ಹಿರಿಯರ ಊರು ನೋಡಿಕೊಂಡು ಬರೋಣ ಎಂದು ಹೊರಟಿದ್ದೇವೆ, ಹಿರಿಯರ ಊರುಗಳೆರಡೂ ನೀರಿನಡಿ ಇವೆ. ಒಂದರ ಲೆಕ್ಕ ಅಡಿಯಲ್ಲಿ, ಇನ್ನೊಂದರದು ಮೀಟರಿನಲ್ಲಿ ಇರುವುದರಿಂದ ಯಾರ ಊರು ಹೆಚ್ಚು ಆಳದಲ್ಲಿದೆ ಎಂಬ ವ್ಯಾಜ್ಯ ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ನನ್ನ ಕಡೆಯವರು ಸಾಗರ ತಾಲ್ಲೂಕಿನವರು. ಊರಿನ ಹೆಸರು ಹೇಳಿ ಪ್ರಯೋಜನವಿಲ್ಲ. ಗೂಗಲ್ ಮ್ಯಾಪಿನಲ್ಲಿ ಅಲ್ಲಿ ನೀಲಿ ಬಣ್ಣವಿದೆ, ಕಾಗದ ಹಾಕಿದರೆ ಮೀನುಗಳೇ ಬಿಡಿಸಿ ಓದಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿ ಅಜ್ಜನ ಅಡಿಕೆ ತೋಟದ ಮೇಲೆ ಮಲಗಿದಳು. ನನ್ನ ಹೆಂಡತಿಯ ಕಡೆಯವರು ಹಳೆ ಬಾಗಲಕೋಟೆಯ ತಗ್ಗಿನ ಭಾಗದವರು. ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದೂ 1964ರಲ್ಲೇ. ಅಂದರೆ ನನ್ನ ಊರು ಮುಳುಗಿದ ವರ್ಷವೇ ಅವಳ ಊರು ಮುಳುಗುವುದಕ್ಕೆ ಮುಹೂರ್ತವಾಯಿತು. ನಮ್ಮಿಬ್ಬರ ಜಾತಕ ಕೂಡಿದ್ದು ಆವತ್ತೇ ಎಂದು ನನ್ನ ನಂಬಿಕೆ. ಜೋಯಿಸರು ಆಮೇಲೆ ನೋಡಿದ ಮೂವತ್ತಾರು ಗುಣವೆಲ್ಲ ಬರೀ ಶಾಸ್ತ್ರಕ್ಕೆ.

ಹೀಗೆ ನಾಡಿಗಾಗಿ ತ್ಯಾಗ ಮಾಡಿದ ಮನೆತನದವರಾದ ನಾವು ಬೆಂಗಳೂರಿನಲ್ಲಿ ಅದರ ಬಡ್ಡಿ ವಸೂಲಿ ಮಾಡುತ್ತಿರುತ್ತೇವೆ. ಕರೆಂಟು ಹೋದರೆ ಗೊಣಗಲು ಇಡೀ ಅಪಾರ್ಟ್‌ಮೆಂಟಿನಲ್ಲಿ ನನಗಿರುವಷ್ಟು ಹಕ್ಕು ಬೇರೆ ಯಾರಿಗೂ ಇಲ್ಲ ಎಂದು ನಾನು. ವಿಜಯಪುರದ ದ್ರಾಕ್ಷಿ ಮಾರುವವನು ತೂಕದಲ್ಲಿ ಕೈ ಬಿಗಿ ಮಾಡಿದರೆ, "ನಮ್ಮ ಮನಿ ಮುಳುಗಿಸಿದ ನೀರಾಗ ಬೆಳದದ್ದಪಾ ಇದು, ಇನ್ನೊಂದು ಗೊಂಚಲ ಹಾಕು" ಎಂದು ಅವಳು. ಅವನು ಹಾಕುತ್ತಾನೆ. ನನ್ನ ಗೊಣಗಾಟಕ್ಕೆ ಕರೆಂಟು ಬಂದ ಉದಾಹರಣೆ ಇಲ್ಲ.

ಪ್ರವಾಸದ ಯೋಚನೆ ಅವಳದೇ. "ಮಂದಿ ಎಲ್ಲ ಸ್ವಿಟ್ಜರ್ಲೆಂಡ್ ಅಂತಾರ್ರೀ. ನಾವು ನಮ್ಮ ನಮ್ಮ ಮೂಲ ನೋಡ್ಕೊಂಡು ಬರೋಣು. ನಾವಿಬ್ಬರ. ನಮ್ಮ ಕಾರು. ಎಲ್ಲಿ ಚಾ ಕುಡೀಬೇಕನಸ್ತದ ಅಲ್ಲಿ ನಿಲ್ಲಸೂದು. ಗಡಿಬಿಡಿ ಇಲ್ಲ, ಗದ್ದಲ ಇಲ್ಲ, ಆರಾಮ." ನನಗೂ ಹಿತವೆನಿಸಿತು. ಕಾಲೆಂಡರ್ ತೆಗೆದೆವು. ಅಲ್ಲೇ ಮೊದಲ ತೊಡಕು. ಎರಡೂ ಕಡೆ ನೀರು ತಳಕ್ಕಿಳಿದು ನೆಲ ಕಾಣುವುದು ಮುಂಗಾರಿಗೆ ಸ್ವಲ್ಪ ಮೊದಲು, ಮೇ ತಿಂಗಳಿನಲ್ಲಿ. ಮೇ ತಿಂಗಳ ಬಾಗಲಕೋಟೆಯಲ್ಲಿ ಉಷ್ಣಾಂಶ ನಲವತ್ತು ದಾಟುವುದು ಸುದ್ದಿಯೇ ಅಲ್ಲ. ಬುದ್ಧಿ ನೆಟ್ಟಗಿರುವವರು ಬಯಲುಸೀಮೆಯಿಂದ ಊಟಿಗೆ ಓಡುವ ಹೊತ್ತಿನಲ್ಲಿ ನಾವು ಊಟಿಯ ಕಡೆಗೆ ಬೆನ್ನು ಹಾಕಿ ಬಯಲುಸೀಮೆಗೆ ಹೋಗಬೇಕು. ಹೋಳಿಗೆ ಹೋಗೋಣವೆಂದರೆ, ಅಂದರೆ ಬಾಗಲಕೋಟೆಯಲ್ಲಿ ಬಣ್ಣದ ಬಂಡಿಗಳು ಓಣಿ ಓಣಿ ತಿರುಗುವ ಮಾರ್ಚಿನಲ್ಲಿ, ನನ್ನ ಅಜ್ಜನ ಊರು ಇನ್ನೂ ನೀರೊಳಗೆ ಈಜುತ್ತಿರುತ್ತದೆ. ದೀಪಾವಳಿಗಂತೂ ಎರಡೂ ಊರು ಗಂಟಲುಮಟ್ಟ. ಕೊನೆಗೆ ಮೇ ಎಂದೇ ತೀರ್ಮಾನವಾಯಿತು. ಕಾರಿನ ಎ.ಸಿ.ಯನ್ನು ಒಮ್ಮೆ ತೋರಿಸಬೇಕು ಎಂದು ಗೋಡೆಯ ಮೇಲಿನ ಪಟ್ಟಿಗೆ ಸೇರಿಸಿದೆ.

ಇನ್ನು ದಾರಿ. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ. ಇಷ್ಟರಲ್ಲಿ ತಕರಾರಿಲ್ಲ. ಅಲ್ಲಿಂದ ಸೊರಬ, ಹಾನಗಲ್, ಹುಬ್ಬಳ್ಳಿ, ನವಲಗುಂದ, ನರಗುಂದ, ಬಾಗಲಕೋಟೆ. ನಡುವೆ ಬನವಾಸಿಗೆ ಹೊರಳೋಣ, ಎಷ್ಟೆಂದರೂ ಕದಂಬರ ರಾಜಧಾನಿ, ನಮ್ಮ ಕಡೆಯದು ಎಂದೆ. ಅವಳು ತಣ್ಣಗೆ ಹೇಳಿದಳು: "ಬನವಾಸಿಗೆ ನಮ್ಮವರು ಒಮ್ಮೆ ಬಂದು ಹೋಗ್ಯಾರ. ಐಹೊಳೆ ಶಾಸನದಾಗ ಬರದಾರ ನೋಡ್ರಿ." ಅದು ನಿಜವೇ. ಬಾದಾಮಿಯ ಇಮ್ಮಡಿ ಪುಲಕೇಶಿ ಬನವಾಸಿಗೆ ಮುತ್ತಿಗೆ ಹಾಕಿದ್ದನ್ನು ರವಿಕೀರ್ತಿ 634ರ ಆ ಶಾಸನದಲ್ಲಿ ಸಂಸ್ಕೃತ ಪದ್ಯದಲ್ಲಿ ಹೊಗಳಿ ಕೆತ್ತಿಸಿಟ್ಟಿದ್ದಾನೆ. ಬೇರೆ ಗಂಡಂದಿರಿಗೆ ಹೆಂಡತಿಯ ತವರಿನ ಹೆಚ್ಚುಗಾರಿಕೆಯನ್ನು ಮಾವನ ಬಾಯಲ್ಲಿ ಕೇಳಿದರೆ ಸಾಕು. ನಾನು ಬಂಡೆಯ ಮೇಲೂ ಓದಿಕೊಳ್ಳಬೇಕು. ಬನವಾಸಿಯನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಆದರೆ ಮಡೆನೂರು ಅಣೆಕಟ್ಟನ್ನು ಮಾತ್ರ ಬಿಟ್ಟುಕೊಡಲಿಲ್ಲ. ನೋಡಲೇಬೇಕಾದ್ದು ಅದು. ಲಿಂಗನಮಕ್ಕಿಗೂ ಮೊದಲು ಜೋಗದ ವಿದ್ಯುತ್ತಿಗೆಂದು ಶರಾವತಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು. ಸುತ್ತಲಿನ ಜಮೀನನ್ನು ಮುಳುಗಿಸಿ ಗಂಭೀರವಾಗಿ ನಿಂತಿತ್ತು. ಹದಿನಾರು ವರ್ಷಕ್ಕೆ ಲಿಂಗನಮಕ್ಕಿ ಬಂದು ಅದನ್ನೇ ಮುಳುಗಿಸಿತು. ಸರ್ಕಾರಿ ಯೋಜನೆಯೊಂದು ಇನ್ನೊಂದು ಸರ್ಕಾರಿ ಯೋಜನೆಯನ್ನು ಇಷ್ಟು ಸೊಗಸಾಗಿ ನುಂಗಿದ್ದು ನಾನು ಬೇರೆಲ್ಲೂ ಕಂಡಿಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮೈ ತೋರಿಸುತ್ತದೆ, ಜನ ಜಾತ್ರೆಗೆ ಹೋದಂತೆ ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಸಿಗಂದೂರಿನ ಲಾಂಚಿನ ಮೇಲೆ ಕಾರು ಹತ್ತಿಸುವ ಮೋಜೂ ಇದೆ ಎಂದು ಹೆಂಡತಿಗೆ ಆಸೆ ತೋರಿಸಿದ್ದೆ. 2025ರ ಜುಲೈನಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಆಗಿಬಿಟ್ಟಿತು. ಆ ಕಡೆಯವರು ದಶಕಗಳಿಂದ ಕಾದಿದ್ದ ಸೇತುವೆ. ನಾನೊಬ್ಬ ಬೆಂಗಳೂರಿನಲ್ಲಿ ಕೂತು ಛೇ ಎಂದರೆ ಯಾರಾದರೂ ಹೊಡೆದಾರು ಎಂದು ಸುಮ್ಮನಿದ್ದೇನೆ.

ಇಲ್ಲಿಯವರೆಗೂ ಪ್ರವಾಸ ನಮ್ಮದೇ ಆಗಿತ್ತು. ಅಷ್ಟರಲ್ಲಿ ಲಾಡ್ಜಿನ ಮಾತು ಹೇಗೋ ಹೊರಬಿತ್ತು.

"ಎಂತದು ಮಾರಾಯ, ಲಾಡ್ಜಲ್ಲಿ ಉಳಿಯೂದಾ? ನಾವೆಲ್ಲ ಎಂತಕ್ಕೆ ಇರೂದು?" ಎಂದು ಸಾಗರದಿಂದ ದೊಡ್ಡಪ್ಪನ ಫೋನು. ಊರು ಮುಳುಗಿದರೆ ನೆಂಟರು ಕಡಿಮೆಯಾಗುತ್ತಾರೆ ಎಂದು ಯಾರಾದರೂ ತಿಳಿದಿದ್ದರೆ ಅದು ಶುದ್ಧ ಭ್ರಮೆ. ಒಂದೇ ಊರಿನಲ್ಲಿದ್ದಾಗ ಒಂದೇ ಜಗಲಿಯಲ್ಲಿ ಎಲ್ಲರನ್ನೂ ಮಾತಾಡಿಸಿ ಏಳಬಹುದಿತ್ತು. ಮುಳುಗಡೆಯಾದದ್ದೇ ಒಬ್ಬರಿಗೆ ಶಿವಮೊಗ್ಗದ ಹತ್ತಿರ ಜಮೀನು, ಇನ್ನೊಬ್ಬರು ಹೊಸನಗರ, ಮತ್ತೊಬ್ಬರು ಶಿಕಾರಿಪುರದ ದಾರಿ ಎಂದು ಇಡೀ ಜಿಲ್ಲೆಗೆ ಹರಡಿಕೊಂಡರು. ಒಂದು ಮನೆಯಲ್ಲಿ ಕಡುಬು ತಿಂದ ಸುದ್ದಿ ಮುಂದಿನ ಮನೆಗೆ ನಮಗಿಂತ ಮುಂಚೆ ತಲುಪುತ್ತದೆ. ಅಲ್ಲಿ ಬರೀ ಕಾಫಿ ಕುಡಿದು ಎದ್ದರೆ ಮುಂದಿನ ಮೂರು ಮದುವೆಗಳಲ್ಲಿ ಆ ವಿಷಯ ಬರುತ್ತದೆ. ಆದ್ದರಿಂದ ಶಿವಮೊಗ್ಗದಲ್ಲಿ ತಿಂಡಿ, ಹೊಸನಗರದಲ್ಲಿ ಊಟ, ಸಾಗರದಲ್ಲಿ ರಾತ್ರಿ ಊಟ, ಅಲ್ಲಿಂದ ಹಿಂದಕ್ಕೆ ಶಿಕಾರಿಪುರಕ್ಕೆ ಹೋಗಿ ಮತ್ತೆ ತಿಂಡಿ ಎಂದು ದೊಡ್ಡಮ್ಮ ಹೊಸ ನಕ್ಷೆಯೊಂದನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದಾರೆ. ಅದರಲ್ಲಿ ಮಡೆನೂರು ಇಲ್ಲ. "ಅದೆಂತ ನೋಡೂದು, ಬರೀ ಕಲ್ಲು" ಎಂದು ಷರಾ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗಳಿಗೆ ಡಿಕ್ಕಿ ಖಾಲಿ ಇಟ್ಟುಕೊಳ್ಳಬೇಕಂತೆ.

ಬಾಗಲಕೋಟೆಯ ಕಡೆ ವ್ಯವಹಾರ ಇನ್ನೂ ಶಿಸ್ತಿನದು. ಮುಳುಗಡೆಯವರಿಗೆಂದೇ ಕಟ್ಟಿದ ನವನಗರದಲ್ಲಿ ಓಣಿಗಳಿಗೆ ಬದಲು ಸೆಕ್ಟರುಗಳು, ಸೆಕ್ಟರುಗಳಿಗೆ ನಂಬರು. ಹೆಂಡತಿಯ ನೆಂಟರೂ ಹಾಗೇ ಆಗಿದ್ದಾರೆ. ಸೋದರತ್ತೆ, ಕಾಕಾ, ದೊಡ್ಡವ್ವ ಎಲ್ಲರಿಗೂ ಒಂದೊಂದು ಸೆಕ್ಟರು. ಪ್ರತಿ ಸೆಕ್ಟರಿನಲ್ಲೂ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಏಳುವಾಗ ಗುಳೇದಗುಡ್ಡದ ಖಣ. "ಬಾದಾಮಿ, ಪಟ್ಟದಕಲ್ಲು ಯಾವಾಗ?" ಎಂದು ಕೇಳಿದ್ದಕ್ಕೆ ಅತ್ತೆಯವರು, "ಅವು ಸಾವಿರದ ಮುನ್ನೂರು ವರ್ಷದಿಂದ ಅಲ್ಲೇ ಅದಾವ್ರಿ, ಎಲ್ಲಿ ಹೋಗ್ತಾವ? ನಮ್ಮ ದೊಡ್ಡವ್ವಗ ಎಂಬತ್ತೆಂಟು" ಎಂದರು. ಯುನೆಸ್ಕೊ ಎದುರಿಗೆ ಬಂದು ನಿಂತರೂ ಈ ವಾದಕ್ಕೆ ಉತ್ತರವಿಲ್ಲ.

ಮುಂದಿನದು ಸೀಟಿನ ಪ್ರಶ್ನೆ. "ಬಾವಿ ಎಲ್ಲಿತ್ತು, ದೇವರ ಬನ ಎಲ್ಲಿತ್ತು ಅಂತ ನಾನಿಲ್ಲದೆ ನಿಮಗ್ಯಾರು ತೋರಿಸೂದು?" ಎಂದರು ಅಮ್ಮ. ನ್ಯಾಯವಾದ ಮಾತು, ಒಂದು ಸೀಟು ಹೋಯಿತು. ಅಮ್ಮನಿಗೆ ತಿರುವಿನ ದಾರಿಯಲ್ಲಿ ಹೊಟ್ಟೆ ತೊಳೆಸುವುದರಿಂದ ಅದು ಮುಂದಿನ ಸೀಟೇ ಆಗಬೇಕು. "ದಾರಿ ತೋರಸಾಕ ನಾನೂ ಬರ್ತೇನ್ರೀ ಅಳಿಯಾರ, ಮುಂದ ಕೂಡ್ತೇನಿ" ಎಂದು ಮಾವ. ಅವರ ತಲೆಯಲ್ಲಿರುವ ಬಾಗಲಕೋಟೆಯ ನಕ್ಷೆ ನೀರು ಬರುವುದಕ್ಕೂ ಹಿಂದಿನದು. ಅವರು ಹೇಳಿದಂತೆ ಎಡಕ್ಕೆ ತಿರುಗಿಸಿದರೆ ನೇರ ಘಟಪ್ರಭೆಗೆ. ಮಾವ ಬಂದ ಮೇಲೆ ಅವರ ಮಾತ್ರೆ ನೆನಪಿಟ್ಟುಕೊಳ್ಳಲು ಅತ್ತೆ ಬರಲೇಬೇಕು. ಅಮ್ಮನಿಗೆ ಮಾತಿಗೆ ಜೊತೆ ಬೇಕೆಂದು ಚಿಕ್ಕಮ್ಮ ಆಗಲೇ ಚೀಲ ತುಂಬಿಟ್ಟಿದ್ದಾರೆ.

ನಮ್ಮದು ಐದು ಸೀಟಿನ ಕಾರು. ನಾನು ಓಡಿಸಬೇಕು. ನಾನು, ಅಮ್ಮ, ಮಾವ, ಅತ್ತೆ, ಚಿಕ್ಕಮ್ಮ ಎಂದು ಬೆರಳು ಮಡಚಿ ಎಣಿಸಿ ಹೆಂಡತಿಯ ಮುಖ ನೋಡಿದೆ. ಅವಳು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ನಾ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಬುಕ್ ಮಾಡೇನ್ರೀ. ಕೆಳಗಿನ ಬರ್ತ್ ಸಿಕ್ಕದ, ಎ.ಸಿ. ರಾತ್ರಿ ಮಲಗಿದರ ಮುಂಜಾನೆ ಬಾಗಲಕೋಟಿ. ನೀವು ಆರಾಮ ಬರ್ರಿ."