ಅಸಮಾಪ್ತಿ ಮೀಮಾಂಸೆ
ಅಥವಾ ತುಮಕೂರು ಸೀಮೆಯಲ್ಲಿ ಬೃಹತ್ ಯೋಜನೆಗಳು ಸೋಲದಿರುವ ಬಗೆ

ದೊಡ್ಡ ಯೋಜನೆಗಳು ಹಳ್ಳ ಹಿಡಿಯದಂತೆ ಕಾಯುವುದು ಹೇಗೆ ಎಂಬ ಪ್ರಶ್ನೆಗೆ ಮ್ಯಾನೇಜ್‌ಮೆಂಟ್ ಪಂಡಿತರ ಉತ್ತರ ಗೊತ್ತಿರುವುದೇ: ಗುರಿ ಸ್ಪಷ್ಟವಿರಲಿ, ದುಡ್ಡು ಮೊದಲೇ ಹೊಂದಿಸಿರಲಿ, ಕೆಲಸಕ್ಕೊಂದು ಗಡುವಿರಲಿ. ಇದು ಪೂರ್ವಪಕ್ಷ. ಕೆಲಸ ಮುಗಿಸುವ ಚಪಲ ಇರುವವರಿಗೆ ಇದು ಸಾಕು. ತುಮಕೂರು ಪಂಥದ ಮೂಲಸೂತ್ರ ಇದಕ್ಕಿಂತ ಗಹನವಾದದ್ದು: ‘ಅಸಮಾಪ್ತಂ ನ ವಿಫಲಮ್’. ಭಾಷ್ಯ ಹೀಗಿದೆ. ನಪಾಸಾಗಬೇಕಾದರೆ ಪರೀಕ್ಷೆ ಮುಗಿದಿರಬೇಕು. ಮುಗಿಯದ ಪರೀಕ್ಷೆಯಲ್ಲಿ ಇದುವರೆಗೆ ಯಾರೂ ನಪಾಸಾದದ್ದಿಲ್ಲ. ಆದ್ದರಿಂದ ಸೋಲನ್ನು ತಪ್ಪಿಸುವ ಅತ್ಯುತ್ತಮ ಆಡಳಿತ ಕ್ರಮವೆಂದರೆ ಮುಕ್ತಾಯವನ್ನು ತಪ್ಪಿಸುವುದು.

ಮೊದಲ ದೃಷ್ಟಾಂತ ಕುಣಿಗಲ್ ರೈಲು. ಬೆಂಗಳೂರು–ಹಾಸನ ಮಾರ್ಗ ಮಂಜೂರಾದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಕುಣಿಗಲ್ ಮೇಲೆ ಬೆಂಗಳೂರು–ಹಾಸನ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ. ನಡುವಿನ ಇಪ್ಪತ್ತು ವರ್ಷವೂ ಅದು ‘ಬರ್ತಾ ಇದೆ’ ಎಂಬ ಸ್ಥಿತಿಯಲ್ಲಿ ಕ್ಷೇಮವಾಗಿತ್ತು. ಬಂದ ಮೇಲಷ್ಟೇ ಜನಕ್ಕೆ ‘ಲೇಟಾಯ್ತು’ ಎನ್ನುವ ಹಕ್ಕು ಹುಟ್ಟಿತು. ಇನ್ನು ತುಮಕೂರು ನಗರ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಐದು ವರ್ಷಕ್ಕೆಂದು 2015ರಲ್ಲಿ ಶುರುವಾಗಿದ್ದ ಆ ಮಿಷನ್ ಗಡುವಿನ ಮೇಲೆ ಗಡುವು ಪಡೆದು 2025ರ ಮಾರ್ಚ್‌ವರೆಗೆ ನಡೆಯಿತು. ಗಡುವು ಹಿಗ್ಗುವ ಗುಣವುಳ್ಳ ದ್ರವ್ಯ ಎಂಬ ನಮ್ಮ ಪಂಥದ ವಾದಕ್ಕೆ ದೆಹಲಿಯ ಸಮ್ಮತಿಯೂ ಇದೆ ಎಂದಾಯಿತು.

ಇಲ್ಲಿ ವಿರೋಧಿಗಳು ಗುಬ್ಬಿಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನು ತಂದು ಮುಂದಿಡುತ್ತಾರೆ. ಬಿದರೆಹಳ್ಳ ಕಾವಲ್‌ನಲ್ಲಿ 2016ರ ಜನವರಿ 3ರಂದು ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಶಂಕುಸ್ಥಾಪನೆಯ ಕಲ್ಲಿಗೂ ಉದ್ಘಾಟನೆಯ ಕಲ್ಲಿಗೂ ಒಬ್ಬರದೇ ಹೆಸರು ಬರುವುದು ನಮ್ಮ ಶಾಸ್ತ್ರಕ್ಕೆ ಅಪಚಾರವೇ ಸರಿ. ಆದರೆ ಗಮನಿಸಬೇಕು: 615 ಎಕರೆ, ಸುತ್ತ ಕಾಂಪೌಂಡು, ಒಳಗೆ ಒಬ್ಬನೇ ಯಜಮಾನ. ಅಂಥ ಕಡೆ ಕೆಲಸ ಮುಗಿಯುವುದು ಪವಾಡವಲ್ಲ. ನಾಲೆಗೆ ಎಲ್ಲಿ ಕಾಂಪೌಂಡು ಹಾಕುತ್ತೀರಿ?

ನಮ್ಮ ಶಾಸ್ತ್ರದ ಮಹಾಕಾವ್ಯ ಹೇಮಾವತಿ. ಗೊರೂರಿನ ಅಣೆಕಟ್ಟು 1979ರದ್ದು. ಅಲ್ಲಿಂದ ಹೊರಟ ನೀರು ಬಾಗೂರು–ನವಿಲೆ ಸುರಂಗ ನುಸುಳಿ ಗುಬ್ಬಿ ಸೀಮೆಗೆ ಬರುತ್ತದೆ. ತುಮಕೂರಿನ ನಲ್ಲಿಗಳು ಬುಗುಡನಹಳ್ಳಿ ಕೆರೆಯ ಮೂಲಕ ಅದನ್ನೇ ನೆಚ್ಚಿವೆ. ಕುಣಿಗಲ್ ನಾಲೆಯ ಬಾಲ. ಬಾಲಕ್ಕೆ ನೀರು ಮುಟ್ಟುವುದಿಲ್ಲ, ಕಾಗದದಲ್ಲಿರುವ ಪಾಲು ಕೆರೆಗೆ ಇಳಿಯುವುದಿಲ್ಲ ಎಂಬುದು ಕುಣಿಗಲ್‌ನವರ ಹಳೆಯ ಗೋಳು. ಪರಿಹಾರವಾಗಿ ಹುಟ್ಟಿದ್ದು ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್: ಗುಬ್ಬಿ ತಾಲ್ಲೂಕಿನಲ್ಲೇ ನಾಲೆಯಿಂದ ನೀರು ತೆಗೆದುಕೊಂಡು ಮೂವತ್ತು ಚಿಲ್ಲರೆ ಕಿಲೋಮೀಟರ್ ಪೈಪಿನಲ್ಲಿ ನೇರ ಕುಣಿಗಲ್ ಕಡೆಗೆ, ಸುಮಾರು ಸಾವಿರ ಕೋಟಿ ರೂಪಾಯಿಗೆ. ಒಂದು ಸರ್ಕಾರದಲ್ಲಿ ಮಂಜೂರು, ಮುಂದಿನದರಲ್ಲಿ ರದ್ದು, ಅದರ ಮುಂದಿನದರಲ್ಲಿ ಪುನರ್ಜನ್ಮ. ಕರ್ಮ ಸಿದ್ಧಾಂತವನ್ನು ಲೋಕೋಪಯೋಗಿ ಕಾಮಗಾರಿಗೆ ಅನ್ವಯಿಸಿದ ಶ್ರೇಯಸ್ಸು ನಮ್ಮದೇ.

ಗುಬ್ಬಿಯವರ ತರ್ಕ ಬೇರೆ. ‘ಪೈಪು ಹಾಕಿದರೆ ನಮ್ಮ ತೂಬಿಗೆ ಏನು ಉಳೀತದೆ? ಕುಣಿಗಲ್ ಹೆಸರು ಹೇಳಿ ಮಾಗಡಿಗೆ ಒಯ್ತಾರೆ’ ಎಂಬುದು ಅವರ ಭಯ. 2025ರ ಮೇ 31ರಂದು ನಿಷೇಧಾಜ್ಞೆಯ ನಡುವೆಯೇ ಸಾವಿರಾರು ಜನ ಸೇರಿ ಅಗೆದ ಕಡೆ ಮಣ್ಣು ಮುಚ್ಚಿದರು. ಪ್ರಗತಿ ಪರಿಶೀಲನಾ ಸಭೆಗಳ ಇತಿಹಾಸದಲ್ಲಿ ಇಷ್ಟು ಬಿರುಸಾಗಿ ನಡೆದ ಪರಿಶೀಲನೆ ಇನ್ನೊಂದಿರಲಾರದು. ಇದನ್ನು ಕಾನೂನು ಸುವ್ಯವಸ್ಥೆಯ ಅಧ್ಯಾಯಕ್ಕೆ ಸೇರಿಸುವವರಿದ್ದಾರೆ. ಈ ಲೇಖಕನ ಮತದಲ್ಲಿ ಅದು ಯೋಜನಾ ವರದಿಯಲ್ಲಿ ಬಿಟ್ಟುಹೋದ ಅಧ್ಯಾಯ. ಎರಡೂ ತಾಲ್ಲೂಕಿನದು ನ್ಯಾಯವಾದ ದಾಹವೇ. ನಕ್ಷೆಯಲ್ಲಿ ಗೆರೆ ಎಳೆದವರ ಮನೆಗೆ ಮಾತ್ರ ಎರಡೂ ನಾಲೆಗಳಿಂದ ನೀರು ಬರುವುದಿಲ್ಲ.

ಈಗ ಸಿದ್ಧಾಂತಕ್ಕೆ ಮುಜುಗರ ತರುವ ಅಪವಾದಗಳು. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಮಂಡಳಿಯನ್ನು ಗುಬ್ಬಿ ವೀರಣ್ಣನವರು ಬೆಳೆಸಿದ ಪರಿ ನೋಡಿ. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದವರು ಅವರು. ನಟರ ಸಂಬಳ, ಆನೆಯ ಮೇವು, ಸೀನುಗಳ ಸಾಗಣೆ, ಊರಿಂದೂರಿಗೆ ಕ್ಯಾಂಪು: ಇದಕ್ಕಿಂತ ಸಂಕೀರ್ಣ ಯೋಜನೆ ಯಾವುದು? ಆದರೂ ಬೆಲ್ ಹೊಡೆದ ಮೇಲೆ ಪರದೆ ಏಳಲೇಬೇಕು. ಏಳದಿದ್ದರೆ ಟಿಕೆಟ್ ಕೊಂಡವನು ಅಲ್ಲೇ, ಆ ರಾತ್ರಿಯೇ, ಮಾಲೀಕರ ಎದುರಿಗೇ ಕೂಗುತ್ತಾನೆ. ‘ಪರಿಷ್ಕೃತ ಅಂದಾಜು’ ಎಂಬ ಅಂಕ ಆ ನಾಟಕದಲ್ಲಿ ಇರಲಿಲ್ಲ.

ಇನ್ನೊಂದು ಅಪವಾದ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ. ಮೈಸೂರು ಅರಸರ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ್ದು. ಅದಕ್ಕೆ ತಾನೇ ತಾನಾಗಿ ಕೆಲಸ ಮಾಡುವ ಸೈಫನ್‌ಗಳಿವೆ. ನೀರು ಗುರುತು ಮೀರಿತೋ, ಕಡತ ಮೇಲಕ್ಕೆ ಹೋಗಿ ಕೆಳಗಿಳಿಯುವ ಮುನ್ನವೇ ಹೆಚ್ಚಿನದು ಹೊರಗೆ ಧುಮುಕುತ್ತದೆ. ಯಾವ ಶಾಸಕರ ಶಿಫಾರಸೂ ಬೇಡ. ನಮ್ಮ ಪಂಥದವರು ಆ ಕಡೆ ಪಿಕ್ನಿಕ್‌ಗೆ ಹೋದರೂ ಸೈಫನ್ ಕಡೆ ಬೆನ್ನು ಮಾಡಿ ಕೂರುತ್ತಾರೆ.

ಇವೆರಡಕ್ಕೂ ಇರುವ ದೋಷ ಒಂದೇ. ತಪ್ಪಾದರೆ ಅದು ಅಲ್ಲಿಯೇ, ಆಗಲೇ, ಎಲ್ಲರಿಗೂ ಕಾಣುತ್ತದೆ. ಇಂಥ ಏರ್ಪಾಡು ನಾಲೆಗೂ ಅಂಟಿಕೊಂಡರೆ ನಮ್ಮ ಮೀಮಾಂಸೆಗೆ ಉಳಿಗಾಲವಿಲ್ಲ. ಆದರೂ ಪಂಥದ್ರೋಹಕ್ಕೆ ಅಂಜದ ಎಂಜಿನಿಯರ್ ಯಾರಾದರೂ ಇದ್ದರೆ ಅವರಲ್ಲೊಂದು ಅರಿಕೆ: ಮುಂದಿನ ಪೈಪು ಇಳಿಸುವ ಮೊದಲು ನಕ್ಷೆಯನ್ನು ಗುಬ್ಬಿಯಲ್ಲಿ ಹರಡಿ, ಕುಣಿಗಲ್‌ನವರನ್ನೂ ಅಲ್ಲಿಗೇ ಕರೆಸಿ ಕೂರಿಸಿ. ಯಾರಿಗೆ ಎಷ್ಟು ನೀರು ಹೋಯಿತೆಂದು ಎರಡೂ ಕಡೆಯವರು ತಾವೇ ಓದಿಕೊಳ್ಳುವಂತೆ ಅಳತೆಪಟ್ಟಿಯೊಂದನ್ನು ನಾಲೆಯ ದಡದಲ್ಲಿ ನೆಡಿ. ಗುದ್ದಲಿ ಪೂಜೆ ಆಮೇಲೆ ಇಟ್ಟುಕೊಳ್ಳಬಹುದು.