ಸ್ಕ್ರೂಡ್ರೈವರ್ ಮೀಮಾಂಸೆ: ಪ್ರಥಮ ಪ್ರಕರಣ

ಮೊದಲಿಗೆ ಲಕ್ಷಣನಿರ್ಣಯ. ಸ್ಕ್ರೂ ತಿರುಗಿಸುವುದು ಸ್ಕ್ರೂಡ್ರೈವರ್ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಪೇಂಟ್ ಡಬ್ಬಿಯ ಮುಚ್ಚಳ ಎಬ್ಬಿಸುವಾಗ, ಎಳನೀರಿನ ಕಣ್ಣು ಚುಚ್ಚುವಾಗ, ಸೊಂಟದ ಬೆಲ್ಟಿಗೆ ಹೊಸ ತೂತು ಕೊರೆಯುವಾಗಲೂ ಅದು ಸ್ಕ್ರೂಡ್ರೈವರೇ ಆಗಿರುವುದರಿಂದ ಇಲ್ಲಿ ಅವ್ಯಾಪ್ತಿದೋಷವಿದೆ. ಅತ್ತ ಸ್ಕ್ರೂ ನಿಜಕ್ಕೂ ಸಡಿಲವಾದಾಗ ಮನೆಯಲ್ಲಿ ಕೈಗೆ ಬರುವುದು ಚಾಕುವಿನ ತುದಿ, ಇಲ್ಲವೇ ಎಂಟಾಣೆ, ಆದ್ದರಿಂದ ಅತಿವ್ಯಾಪ್ತಿ. (ಅಂಗಡಿಯವರು ಕೈಬಿಟ್ಟ ಎಂಟಾಣೆಗೆ ಉಳಿದಿರುವ ಉದ್ಯೋಗವೂ ಇದೊಂದೇ.) ಬೇಕಾದಾಗ ಸಿಗದಿರುವುದೇ ಸ್ಕ್ರೂಡ್ರೈವರ್ ಎಂಬುದು ನಮ್ಮ ಸಿದ್ಧಾಂತ.

ಯಾವ ಸಾಮಾನು ಯಾವುದಕ್ಕೆ ಎಂಬ ಜ್ಞಾನ ಮಿದುಳಿಗೆ ಹೇಗೆ ಬರುತ್ತದೆ, ಬಂದ ಮೇಲೆ ಏಕೆ ಬಿಟ್ಟುಹೋಗುವುದಿಲ್ಲ? ಜರ್ಮನಿಯ ಮನೋವಿಜ್ಞಾನಿ ಕಾರ್ಲ್ ಡಂಕರ್ ಕೆಲವರ ಮುಂದೆ ಮೋಂಬತ್ತಿ, ಡ್ರಾಯಿಂಗ್ ಪಿನ್ನು, ರಟ್ಟಿನ ಡಬ್ಬಿಗಳನ್ನಿಟ್ಟು, ಮೋಂಬತ್ತಿಯನ್ನು ಬಾಗಿಲಿನ ಮೇಲೆ ನಿಲ್ಲಿಸಿ ಎಂದರು. ಡಬ್ಬಿಯನ್ನೇ ಬಾಗಿಲಿಗೆ ಚುಚ್ಚಿ ಪೀಠ ಮಾಡಿದರಾಯಿತು. ಡಬ್ಬಿ ಖಾಲಿಯಿದ್ದಾಗ ಇದು ಸುಲಭವಾಗಿ ಹೊಳೆಯಿತು. ಒಳಗೆ ಪಿನ್ನು ತುಂಬಿಟ್ಟಾಗ ಹಲವರಿಗೆ ಹೊಳೆಯಲಿಲ್ಲ. ಪಿನ್ನು ಇಡಲಿಕ್ಕೇ ಡಬ್ಬಿ ಹುಟ್ಟಿದೆ ಎಂಬ ಈ ಅಂಟುಜಾಡ್ಯವನ್ನು ಡಂಕರ್ ಗುರುತಿಸಿದರು. ಅಡುಗೆಮನೆ ಹೊಕ್ಕು ನೋಡದವರ ರೋಗ ಅದು ಎಂಬುದು ನಮ್ಮ ವಿನಮ್ರ ತಕರಾರು. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಐಸ್‌ಕ್ರೀಮ್ ಡಬ್ಬಿಯಲ್ಲಿ ದೋಸೆಹಿಟ್ಟು, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಸೂಜಿದಾರ ಇಡುವ ನಮ್ಮ ಅಜ್ಜಿಯಂದಿರನ್ನು ಆ ಪ್ರಯೋಗಕ್ಕೆ ಕೂರಿಸಿದ್ದರೆ, ಪಿನ್ನುಗಳನ್ನು ಮೇಜಿನ ಮೇಲೆ ಸುರಿದು, ಡಬ್ಬಿ ಒರೆಸಿ, ಮೆಂತ್ಯಕ್ಕಾಯಿತೆಂದು ಮನೆಗೆ ಒಯ್ಯುತ್ತಿದ್ದರು. ಮೋಂಬತ್ತಿಯ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಈ ಜಾಡ್ಯ ಹುಟ್ಟಿನಿಂದ ಬಂದದ್ದಲ್ಲ. ಟಿಮ್ ಜರ್ಮನ್ ಮತ್ತು ಮಾರ್ಗರೆಟ್ ಡಿಫೈಟರ್ 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾಮಾನು ತುಂಬಿದ್ದ ಪೆಟ್ಟಿಗೆಯನ್ನು ಏರುಪೀಠ ಮಾಡಿಕೊಳ್ಳಲು ಐದು ವರ್ಷದ ಮಕ್ಕಳಿಗೆ ಅಡ್ಡಿಯಾಗಲಿಲ್ಲ, ಆರು-ಏಳರವರು ತಡವರಿಸಿದರು. ಒಂದನೇ ತರಗತಿಗೆ ಸೇರುವ ವಯಸ್ಸೂ ಸುಮಾರಾಗಿ ಇದೇ. ಕಾಕತಾಳೀಯವೆಂದು ಭಾವಿಸಿ ಮುಂದೆ ಹೋಗುತ್ತೇವೆ.

ಇನ್ನು ಆ ಜ್ಞಾನ ಮಿದುಳಿಗೆ ಬರುವ ಬಗೆ. ಜಪಾನಿನ ಅತ್ಸುಶಿ ಇರಿಕಿ ಮತ್ತು ಸಂಗಡಿಗರು 1996ರಲ್ಲಿ ವರದಿ ಮಾಡಿದಂತೆ, ಕುಂಟೆಯಿಂದ ತಿನಿಸು ಎಳೆದುಕೊಳ್ಳಲು ಕಲಿತ ಕೋತಿಗಳಲ್ಲಿ ಕೈಯ ಸುತ್ತಲಿನ ಜಾಗಕ್ಕೆ ಸ್ಪಂದಿಸುತ್ತಿದ್ದ ನರಕೋಶಗಳು ಕುಂಟೆಯುದ್ದಕ್ಕೂ ಸ್ಪಂದಿಸತೊಡಗಿದವು. ಕುಂಟೆಯನ್ನು ಸುಮ್ಮನೆ ಹಿಡಿದಿದ್ದಾಗ ಹೀಗಾಗಲಿಲ್ಲ. ಅಪ್ಪ ಫ್ಯೂಸ್ ಹಾಕುವಾಗ ಸ್ಟೂಲಿನ ಕೆಳಗೆ ಟಾರ್ಚ್ ಹಿಡಿದು ಬೈಸಿಕೊಂಡ ಮಗನಿಗೆ ವಿದ್ಯುತ್ ಕೆಲಸ ಏಕೆ ಬರಲಿಲ್ಲ ಎಂಬುದಕ್ಕೆ ಕೊನೆಗೂ ಪ್ರಮಾಣ ದೊರೆಯಿತು.

ಕಲಿತದ್ದನ್ನು ತಡೆಹಿಡಿಯುವುದು ಬೇರೆಯೇ ವಿದ್ಯೆ. ಮಿದುಳಿನ ಮುಂಭಾಗಕ್ಕೆ ಹಾನಿಯಾದ ಕೆಲವರು ಎದುರಿಗಿಟ್ಟ ವಸ್ತುವನ್ನು ಯಾರೂ ಹೇಳದೆಯೇ ಬಳಸಲು ತೊಡಗುವುದನ್ನು ಫ್ರಾನ್ಸಿನ ವೈದ್ಯ ಫ್ರಾಂಸ್ವಾ ಲೆರ್ಮಿಟ್ 1983ರಲ್ಲಿ ವಿವರಿಸಿದರು. ಕನ್ನಡಕ ಧರಿಸಿದ್ದವರು ಮುಂದಿಟ್ಟ ಇನ್ನೊಂದು ಕನ್ನಡಕವನ್ನೂ ಅದರ ಮೇಲೆಯೇ ಏರಿಸಿಕೊಂಡರು. ಛತ್ರದಲ್ಲಿ ಮೈಕು ಕಂಡೊಡನೆ ‘ಹಲೋ, ಹಲೋ’ ಎನ್ನುವ ಬಂಧುಗಳನ್ನು ನಾವಿನ್ನೂ ಸ್ಕ್ಯಾನಿಂಗಿಗೆ ಒಳಪಡಿಸಿಲ್ಲ. ಅವರು ಮೈಕು ಬಿಟ್ಟು ಬರುತ್ತಿಲ್ಲ.

ಸೇಫ್ಟಿ ಪಿನ್ನನ್ನು ಈ ಪ್ರಕರಣದಿಂದ ಹೊರಗಿಟ್ಟಿದ್ದೇವೆ. ಕರಿಮಣಿ ಸರದಲ್ಲಿ ತೂಗುವ ಆ ಗೊಂಚಲಿನ ಉಪಯೋಗಗಳ ಎಣಿಕೆ ಇನ್ನೂ ನಡೆದಿದೆ. ಹಲ್ಲುಸಂದಿಯ ಶಾಖೆಯೊಂದಕ್ಕೇ ಪ್ರತ್ಯೇಕ ಸಂಪುಟ ಬೇಕಾಗಬಹುದು.